ಸ್ಪಿತಿಗೆ ಸೈಕಲ್ ದಾರಿ: ಶಿಮ್ಲಾದಿಂದ ಮನಾಲಿಯವರೆಗೆ ಬೈಕ್‌ಪ್ಯಾಕಿಂಗ್, ಹಂತ ಹಂತವಾಗಿ

ಮೊದಲ ಸಲ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೊರಟಾಗ ನಾನು ಮನಾಲಿ ಕಡೆಯಿಂದ ಹತ್ತಿದೆ. ಮೂರನೇ ರಾತ್ರಿ ಬಾತಲ್‌ನ ಡಾಬಾದಲ್ಲಿ ಎರಡು ರಜಾಯಿ ಹೊದ್ದು ಮಲಗಿದ್ದೆ. ತಲೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟುತ್ತಿರುವಂಥ ನೋವು. ಬಿಸಿ ಅನ್ನದ ವಾಸನೆ ಬಂದರೇ ಹೊಟ್ಟೆ ತೊಳಸುತ್ತಿತ್ತು. ಬೆಟ್ಟಸಾಲು ದಾಟಿಸುವ ಕುಂಜುಮ್ ಪಾಸ್‌ಗೆ ಇನ್ನು ಉಳಿದಿದ್ದು 12 ಕಿ.ಮೀ. ಅಷ್ಟೆ. ಬೆಳಿಗ್ಗೆ ಸೈಕಲ್ ತಿರುಗಿಸಿ ಕೆಳಗಿಳಿದೆ. ಇಳಿಯುತ್ತಾ ಹೋದ ಹಾಗೆ ತಲೆನೋವೂ ಇಳಿಯಿತು. ಕಾಲಲ್ಲಿ ಶಕ್ತಿ ಇತ್ತು, ಸೈಕಲ್‌ನಲ್ಲಿ ದೋಷ ಇರಲಿಲ್ಲ. ತಪ್ಪಾಗಿದ್ದು ನಾನು ಹತ್ತಿದ ವೇಗ.

ಮರುವರ್ಷ ಸೆಪ್ಟೆಂಬರ್‌ನಲ್ಲಿ ಶಿಮ್ಲಾ ಕಡೆಯಿಂದ ಹೋದೆ. 15ನೇ ದಿನ ಅದೇ ಕುಂಜುಮ್ ಮೇಲೆ ನಿಂತು, ಊರಿಂದ ಒಯ್ದಿದ್ದ ಶೇಂಗಾ ಚಿಕ್ಕಿ ತಿಂದೆ. ತಲೆ ಹಗುರವಾಗಿತ್ತು. ಈ ಎರಡು ಪ್ರವಾಸಗಳ ನಡುವೆ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಸೈಕಲ್ ಮೇಲೆ ಬಟ್ಟೆ, ಹಾಸಿಗೆ, ಊಟ, ಹತ್ಯಾರ ಎಲ್ಲ ಕಟ್ಟಿಕೊಂಡು, ಹಿಂದೆ ಜೀಪು ಇಲ್ಲದೆ, ವಾರಗಟ್ಟಲೆ ಬೆಟ್ಟದ ದಾರಿಯಲ್ಲಿ ಹೋಗುವವರಿಗಾಗಿ ಇದು.

ಹಂತ 1: ದಿಕ್ಕು ಮತ್ತು ತಿಂಗಳು ಆರಿಸಿಕೊಳ್ಳಿ

ಶಿಮ್ಲಾದಿಂದ ಹೊರಟು ಕಿನ್ನೌರ್ ಮೂಲಕ ಸ್ಪಿತಿಗೆ ಹೋಗಿ, ಕುಂಜುಮ್ ದಾಟಿ ಮನಾಲಿಗೆ ಇಳಿಯಿರಿ. ಉಲ್ಟಾ ಬೇಡ.

ಕಾರಣ ಸರಳ. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟರೆ ಮೂರನೇ ರಾತ್ರಿಗೇ ನೀವು 4,000 ಮೀಟರ್ ಹತ್ತಿರ ಮಲಗಿರುತ್ತೀರಿ. ಶಿಮ್ಲಾ ಕಡೆಯಿಂದ ಹೋದರೆ ಅದೇ ಎತ್ತರಕ್ಕೆ ಏರಲು ಹತ್ತು ದಿನ ಸಿಗುತ್ತದೆ. ರಕ್ತ, ಉಸಿರು, ನಿದ್ದೆ ಎಲ್ಲ ಆ ಹತ್ತು ದಿನದಲ್ಲಿ ಹೊಂದಿಕೊಳ್ಳುತ್ತವೆ.

ತಿಂಗಳ ವಿಷಯಕ್ಕೆ ಬಂದರೆ, ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ ನನ್ನ ಆಯ್ಕೆ. ಸ್ಪಿತಿ ಮಳೆ ನೆರಳಿನ ಪ್ರದೇಶ. ಆದರೆ ಅಲ್ಲಿಗೆ ಹೋಗುವ ಕಿನ್ನೌರ್ ದಾರಿ ಹಾಗಲ್ಲ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಕುಸಿಯುತ್ತದೆ, ಕಲ್ಲು ಉರುಳುತ್ತವೆ, ರಸ್ತೆ ದಿನಗಟ್ಟಲೆ ಬಂದ್ ಆಗುತ್ತದೆ. ಜೂನ್‌ನಲ್ಲಿ ಹೋಗಬಹುದು, ಆದರೆ ಕುಂಜುಮ್ ಮೇಲಿನ ಹಿಮ ತೆಗೆದಿದ್ದಾರಾ ಅಂತ ಮೊದಲು ವಿಚಾರಿಸಿ. ಆಗ ಹಿಮ ಕರಗಿ ಹಳ್ಳಗಳು ತುಂಬಿ ಹರಿಯುತ್ತಿರುತ್ತವೆ. ಸೆಪ್ಟೆಂಬರ್‌ನಲ್ಲಿ ನೀರು ಇಳಿದಿರುತ್ತದೆ, ಕಿನ್ನೌರ್ ತೋಟಗಳಲ್ಲಿ ಸೇಬು ಕೆಂಪಾಗಿರುತ್ತವೆ, ಆಕಾಶ ನಿಚ್ಚಳವಾಗಿರುತ್ತದೆ. ರಾತ್ರಿ ಚಳಿ ಮಾತ್ರ ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಹಂತ 2: ದಾರಿಯನ್ನು ದಿನಗಳಾಗಿ ಒಡೆಯಿರಿ

ಒಟ್ಟು ದೂರ, ಅಕ್ಕಪಕ್ಕದ ಹಳ್ಳಿಗಳಿಗೆ ಹೋಗಿಬರುವುದೂ ಸೇರಿ, ಸುಮಾರು 700 ಕಿ.ಮೀ. ಬಯಲುಸೀಮೆಯಲ್ಲಿ ಇದನ್ನು ವಾರದೊಳಗೆ ಮುಗಿಸುವವರಿದ್ದಾರೆ. ಇಲ್ಲಿ 16ರಿಂದ 18 ದಿನ ಇಟ್ಟುಕೊಳ್ಳಿ. ಬೆಟ್ಟದಲ್ಲಿ ಕಿಲೋಮೀಟರ್‌ಗಿಂತ ಏರು ಮುಖ್ಯ.

ಒಂದು ಲೆಕ್ಕ ನೋಡಿ. ಸವಾರ, ಸೈಕಲ್, ಸಾಮಾನು ಎಲ್ಲ ಸೇರಿ 100 ಕಿಲೋ ಅಂದುಕೊಳ್ಳಿ. ಆರು ಪರ್ಸೆಂಟ್ ಏರಿನ ಮಣ್ಣು ದಾರಿಯಲ್ಲಿ, ಇಡೀ ದಿನ ತಾಳಿಕೊಳ್ಳುವ ಹದದಲ್ಲಿ ತುಳಿದರೆ, ಗಂಟೆಗೆ ಐದೂವರೆ ಕಿ.ಮೀ. ಆಸುಪಾಸು ಸಾಗುತ್ತದೆ. ಅದು ಕೆಳಗಿನ ಲೆಕ್ಕ. 4,000 ಮೀಟರ್ ಮೇಲೆ ಇನ್ನೂ ನಿಧಾನ. ಹಾಗಾಗಿ ನಕ್ಷೆಯಲ್ಲಿ 30 ಕಿ.ಮೀ. ಅಂತ ಕಂಡರೂ ಅದು ಇಡೀ ದಿನದ ಕೆಲಸ ಆಗಬಹುದು.

ನಾನು ಹೋದದ್ದು ಹೀಗೆ. ಶಿಮ್ಲಾದಿಂದ ನಾರ್ಕಂಡಾ, ಅಲ್ಲಿಂದ ಸಟ್ಲೆಜ್ ನದಿಗೆ ಉದ್ದ ಇಳಿಜಾರು, ರಾಮ್‌ಪುರದಲ್ಲಿ ಎರಡನೇ ರಾತ್ರಿ. ರಾಮ್‌ಪುರ ಸುಮಾರು 1,000 ಮೀಟರ್ ಎತ್ತರದಲ್ಲಿದೆ, ಸೆಕೆ ಇರುತ್ತದೆ. ಮೂರನೇ ದಿನ ನದಿ ಪಕ್ಕದಲ್ಲೇ ಟಾಪ್ರಿ, ಕರ್ಚಮ್ ಕಡೆಗೆ. ಬಂಡೆಯನ್ನೇ ಕೊರೆದು ಮಾಡಿದ ರಸ್ತೆ ಅದು, ತಲೆ ಮೇಲೆ ಕಲ್ಲಿನ ಚಾವಣಿ ಇದ್ದ ಹಾಗೆ ಚಾಚಿಕೊಂಡಿರುತ್ತದೆ. ನಾಲ್ಕನೇ ದಿನ ರೆಕಾಂಗ್ ಪಿಯೋ ಮೇಲಿರುವ ಕಲ್ಪಾ. ಇಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ. ಕಿಟಕಿ ತೆಗೆದರೆ ಕಿನ್ನರ್ ಕೈಲಾಸ ಎದುರಿಗೇ ಇರುತ್ತದೆ, ಸುಮ್ನೆ ಕೂತು ನೋಡಿ.

ಆಮೇಲೆ ಪೂ ಎಂಬ ಊರು. ಅದರ ಮುಂದೆ ಖಾಬ್, ಸ್ಪಿತಿ ನದಿ ಸಟ್ಲೆಜ್ ಸೇರುವ ಜಾಗ. ಅಲ್ಲಿಂದ ನಾಕೋಗೆ 30 ಕಿ.ಮೀ. ಒಳಗೇ ಹತ್ತಿರಹತ್ತಿರ ಸಾವಿರ ಮೀಟರ್ ಏರು. ಇಡೀ ದಾರಿಯ ಮೊದಲ ನಿಜವಾದ ಪರೀಕ್ಷೆ ಇದು. ನಾಕೋ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಎರಡು ರಾತ್ರಿ ಕಡ್ಡಾಯ. ಮುಂದೆ ತಾಬೋ, 996ರಲ್ಲಿ ಕಟ್ಟಿದ ಮಣ್ಣಿನ ಗೋಡೆಗಳ ಬೌದ್ಧ ಮಠ ಇರುವ ಊರು. ತಾಬೋ ನಾಕೋಗಿಂತ ತಗ್ಗಿನಲ್ಲಿದೆ, ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ. ಆಮೇಲೆ ಧನಕರ್, ಕಾಜಾ, ಕೀ, ಕಿಬ್ಬರ್, ಚಿಚಮ್ ಸೇತುವೆ, ಲೋಸರ್, ಕುಂಜುಮ್, ಬಾತಲ್, ಛತ್ರು, ಗ್ರಾಂಫೂ, ರೋಹ್ತಾಂಗ್, ಮನಾಲಿ.

ನೀವು ಹೊರಡುವಾಗ ಎರಡು ದಿನ ಖಾಲಿ ಇಟ್ಟುಕೊಳ್ಳಿ. ರಸ್ತೆ ಬಂದ್ ಆದರೆ, ಹೊಟ್ಟೆ ಕೆಟ್ಟರೆ ಅವು ಬೇಕಾಗುತ್ತವೆ. ವಾಪಸ್ ಟಿಕೆಟ್ ಒತ್ತಡಕ್ಕೆ ಪಾಸ್ ದಾಟುವವರೇ ಹೆಚ್ಚಾಗಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಹಂತ 3: ಸೈಕಲ್ ಸಿದ್ಧ ಮಾಡಿ

ಹೊಸ ಸೈಕಲ್ ಕೊಳ್ಳಬೇಕಾಗಿಲ್ಲ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ, ಅಥವಾ ಸಸ್ಪೆನ್ಷನ್ನೇ ಇಲ್ಲದ ಗಟ್ಟಿಮುಟ್ಟಾದ ಎಂಟಿಬಿ (ಬೆಟ್ಟದ ಸೈಕಲ್) ಸಾಕು. ಚೌಕಟ್ಟಿಗಿಂತ ಮೂರು ವಿಷಯ ಮುಖ್ಯ: ಗೇರು, ಟಯರ್, ಬ್ರೇಕ್.

ಗೇರಿನಲ್ಲಿ ನೋಡಬೇಕಾದ್ದು ಅತಿ ಹಗುರದ ಗೇರು. ಮುಂದೆ 30 ಹಲ್ಲು, ಹಿಂದೆ 50 ಹಲ್ಲು ಇದ್ದರೆ, 29 ಇಂಚಿನ ಚಕ್ರದ ಸೈಕಲ್ ಪೆಡಲಿನ ಒಂದು ಪೂರ್ತಿ ಸುತ್ತಿಗೆ ಸುಮಾರು 1.4 ಮೀಟರ್ ಮುಂದೆ ಹೋಗುತ್ತದೆ. ಇಷ್ಟು ಹಗುರ ಬೇಕು. ಮುಂದೆ ಮೂರು ಹಲ್ಲುಚಕ್ರ ಇರುವ ಹಳೇ ಸೈಕಲ್‌ನಲ್ಲಿ 22ಕ್ಕೆ 34 ಇದ್ದರೂ ನಡೆಯುತ್ತದೆ. ಮುಂದೆ 32, ಹಿಂದೆ 32 ಅಂದರೆ ಕಷ್ಟ. ಬೆಂಗಳೂರಿನ ಫ್ಲೈಓವರ್ ಮೇಲೆ ಅದು ತೊಂದರೆ ಕೊಡಲ್ಲ, ನಾಕೋಗೆ ಹತ್ತುವ ದಾರಿಯ ಕಾ ಹಳ್ಳಿಯ ತಿರುವುಗಳಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ. ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಬದಲಾಯಿಸುವುದು ಕೆಲವು ಸಾವಿರದ ಖರ್ಚು, ಮಂಡಿ ಉಳಿಯುತ್ತದೆ.

ಟಯರ್ 2.2 ಇಂಚಿನದು, ಪಕ್ಕದ ಗೋಡೆ ದಪ್ಪ ಇರುವಂಥದ್ದು. ಟ್ಯೂಬ್‌ಲೆಸ್ ಮಾಡಿಸಿಕೊಳ್ಳಿ, ಹೊರಡುವ ವಾರ ತೂತು ಮುಚ್ಚುವ ಸೀಲಂಟ್ ದ್ರವ ಹೊಸದಾಗಿ ಹಾಕಿ. ಒಂದು ಸಣ್ಣ ವಿಷಯ: ಮೇಲೇರಿದ ಹಾಗೆ ಹೊರಗಿನ ಗಾಳಿಯ ಒತ್ತಡ ಕಡಿಮೆ ಆಗುತ್ತದೆ, ಟಯರ್ ತಾನಾಗಿ ಬಿಗಿಯಾಗುತ್ತದೆ. ಶಿಮ್ಲಾದಲ್ಲಿ ತುಂಬಿದ ಗಾಳಿ ಕುಂಜುಮ್ ಮೇಲೆ ಎರಡು ಮೂರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಜಾಸ್ತಿ ತೋರಿಸುತ್ತದೆ. ಜಲ್ಲಿ ದಾರಿಯಲ್ಲಿ ಅಷ್ಟಕ್ಕೇ ಕೈ ನೋಯಲು ಶುರುವಾಗುತ್ತದೆ. ಲೋಸರ್‌ನಲ್ಲಿ ಸ್ವಲ್ಪ ಗಾಳಿ ಬಿಡಿ.

ಬ್ರೇಕ್ ಡಿಸ್ಕ್ ಇರಲಿ. ಕೇಬಲ್ ಬ್ರೇಕ್ ಆದರೆ ದಾರಿಯಲ್ಲೇ ಸರಿಮಾಡಿಕೊಳ್ಳಬಹುದು. ಹೈಡ್ರಾಲಿಕ್ ಆದರೆ ಹೊರಡುವ ಮೊದಲು ಆಯಿಲ್ ಬದಲಾಯಿಸಿ. ಎರಡಕ್ಕೂ ಲೋಹದ ಪ್ಯಾಡ್ ಒಳ್ಳೆಯದು. ಕೆಸರು, ಮರಳು ಸೇರಿದರೆ ಮೆತ್ತನೆ ಪ್ಯಾಡ್ ಬೇಗ ಸವೆಯುತ್ತದೆ. ಎರಡು ಜೊತೆ ಹೆಚ್ಚುವರಿ ಇಟ್ಟುಕೊಳ್ಳಿ.

ಹಂತ 4: ಚೀಲ ಕಟ್ಟುವುದು

ಊಟ, ನೀರು ಬಿಟ್ಟು ಸಾಮಾನಿನ ತೂಕ 10 ಕಿಲೋ ದಾಟಬಾರದು. ಸಾಮಾನನ್ನೆಲ್ಲ ನೆಲದ ಮೇಲೆ ಹರಡಿ, ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ಬರೆದುಕೊಳ್ಳಿ. ನಾನು ಹಾಗೆ ಮಾಡಿದಾಗ ಬರೀ ಚಾರ್ಜರ್, ವೈರು, ಕ್ಯಾಮೆರಾ ಸೇರಿ ಎರಡು ಕಿಲೋ ಬಂತು. ಅರ್ಧ ಮನೆಯಲ್ಲೇ ಉಳಿಯಿತು.

ಕ್ಯಾರಿಯರ್ ಹಾಕಿ ಎರಡು ಕಡೆ ದೊಡ್ಡ ಚೀಲ ನೇತುಹಾಕುವುದು ಡಾಂಬರು ರಸ್ತೆಗೆ ಚೆಂದ. ಕಲ್ಲು ದಾರಿಯಲ್ಲಿ ಆ ಚೀಲ ಪ್ರತಿ ಗುಂಡಿಗೂ ಕುಣಿಯುತ್ತದೆ, ಕ್ಯಾರಿಯರ್‌ನ ಬೋಲ್ಟ್ ಸಡಿಲವಾಗುತ್ತದೆ ಅಥವಾ ಮುರಿಯುತ್ತದೆ. ಸೈಕಲ್ ತಳ್ಳುವಾಗ ಕಾಲಿಗೂ ಬಡಿಯುತ್ತದೆ. ಅದಕ್ಕೇ ಮೂರು ಚೀಲದ ಕ್ರಮ ಒಳ್ಳೆಯದು.

ಚೌಕಟ್ಟಿನ ತ್ರಿಕೋನದ ಚೀಲದಲ್ಲಿ ಭಾರದ ವಸ್ತುಗಳು: ಹತ್ಯಾರ, ಟ್ಯೂಬು, ಪಂಪು, ಪವರ್‌ಬ್ಯಾಂಕ್, ತಿಂಡಿ. ಭಾರ ಕೆಳಗೆ, ಮಧ್ಯದಲ್ಲಿ ಇದ್ದರೆ ಸೈಕಲ್ ಮಾತು ಕೇಳುತ್ತದೆ. ಹ್ಯಾಂಡಲ್ ಮುಂದಿನ ಉದ್ದ ಚೀಲದಲ್ಲಿ ಸ್ಲೀಪಿಂಗ್ ಬ್ಯಾಗ್ ಮತ್ತು ಹಗುರದ ಜಾಕೆಟ್. ಅದು ಬ್ರೇಕ್ ಕೇಬಲ್ ಒತ್ತದಂತೆ ನೋಡಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಪರೀಕ್ಷಿಸಿ. ಸೀಟಿನ ಹಿಂದಿನ ಚೀಲದಲ್ಲಿ ಬಟ್ಟೆ. ಗಟ್ಟಿಯಾದ ಬಟ್ಟೆಯುಂಡೆಯನ್ನು ಸೀಟಿನ ಕಂಬದ ಕಡೆಗೆ, ಮೆತ್ತನೆಯದನ್ನು ತುದಿಗೆ ತುಂಬಿ. ಇಲ್ಲದಿದ್ದರೆ ಚೀಲ ಹಸುವಿನ ಬಾಲದ ಹಾಗೆ ಆಡುತ್ತದೆ.

ಚೀಲ ಚೌಕಟ್ಟಿಗೆ ಉಜ್ಜುವ ಕಡೆಗೆಲ್ಲ ಹಳೇ ಟ್ಯೂಬ್ ತುಂಡು ಸುತ್ತಿ. ಒಳಗೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ, ಅದರೊಳಗೆ ಬಟ್ಟೆ. ಸ್ಲೀಪಿಂಗ್ ಬ್ಯಾಗ್ ಒದ್ದೆಯಾದರೆ ಅವತ್ತಿನ ರಾತ್ರಿ ಮುಗಿಯಿತು ಅಂತಲೇ ಲೆಕ್ಕ.

ಟೆಂಟು ಬೇಕಾ? ಈ ದಾರಿಯಲ್ಲಿ ಹಳ್ಳಿಹಳ್ಳಿಗೂ ಹೋಮ್‌ಸ್ಟೇ ಇದೆ, ಬಾತಲ್ ಮತ್ತು ಛತ್ರುವಿನಲ್ಲಿ ಸೀಸನ್ ಇರುವಷ್ಟು ದಿನ ಡಾಬಾದಲ್ಲೇ ಮಲಗಬಹುದು. ನಾನು ಟೆಂಟು ಬಿಟ್ಟು, ಬರೀ ಸೊನ್ನೆ ಡಿಗ್ರಿಯ ಸ್ಲೀಪಿಂಗ್ ಬ್ಯಾಗ್ ಒಯ್ದೆ. ಎರಡು ಕಿಲೋ ಉಳಿಯಿತು. ಇಬ್ಬರಿದ್ದು, ಹಳ್ಳಿಯಿಂದ ದೂರ ಮಲಗುವ ಆಸೆ ಇದ್ದರೆ ಮಾತ್ರ ಒಯ್ಯಿರಿ.

ಹಂತ 5: ಊರಲ್ಲಿ ತಯಾರಿ

ಮೂರು ನಾಲ್ಕು ತಿಂಗಳು ಬೇಕು. ನಮಗೆ ನಂದಿ ಬೆಟ್ಟ ಇದೆ, ಅದಕ್ಕಿಂತ ಒಳ್ಳೆ ಶಾಲೆ ಯಾವುದಿದೆ? ಮೊದಲ ತಿಂಗಳು ವಾರಕ್ಕೊಮ್ಮೆ ಹತ್ತಿ. ಆಮೇಲೆ ಒಂದೇ ಬೆಳಿಗ್ಗೆ ಎರಡು ಸಲ. ಕೊನೆಯ ತಿಂಗಳು ಚೀಲ ಪೂರ್ತಿ ಕಟ್ಟಿಕೊಂಡು ಹತ್ತಿ. ನಂದಿ ಹತ್ತಿದ ಸಮಯ ಎಷ್ಟು ಅಂತ ನೋಡುವುದು ಬೇಡ. ಹತ್ತಿದ ಮೇಲೂ ಮಾತಾಡುವಷ್ಟು ಉಸಿರು ಇದೆಯಾ ನೋಡಿ.

ಶನಿವಾರ, ಭಾನುವಾರ ಎರಡೂ ದಿನ ಬೆನ್ನಿಗೆ ಬೆನ್ನು ಉದ್ದ ಸವಾರಿ ಮಾಡಿ. ಎರಡನೇ ಬೆಳಿಗ್ಗೆ ನೋಯುವ ಸೀಟಿನ ಮೇಲೆ ಮತ್ತೆ ಕೂರುವುದೇ ನಿಜವಾದ ಅಭ್ಯಾಸ. ಜೊತೆಗೆ ಒಂದು ವಾರಾಂತ್ಯ ಚಿಕ್ಕಮಗಳೂರು ಕಡೆ ಹೋಗಿ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಏರು, ಕಾಫಿ ತೋಟದ ನಡುವಿನ ಮಣ್ಣು ದಾರಿ, ಎಲ್ಲ ಸಿಗುತ್ತದೆ. ರಾತ್ರಿ ಒಂದು ಕಡೆ ತಂಗಿ, ಬೆಳಿಗ್ಗೆ ಮತ್ತೆ ಚೀಲ ಕಟ್ಟಿ ಹೊರಡಿ. ಯಾವ ಬಕಲ್ ಸಡಿಲವಾಗುತ್ತದೆ, ಯಾವ ವಸ್ತು ಬೇಕಾಗಲೇ ಇಲ್ಲ, ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಅಭ್ಯಾಸವನ್ನು ಬಹಳ ಜನ ಮರೆಯುತ್ತಾರೆ: ಸೈಕಲ್ ತಳ್ಳುವುದು. ಕಲ್ಲು ದಾರಿಯಲ್ಲಿ ದಿನಕ್ಕೆ ಒಂದೆರಡು ಗಂಟೆ ತಳ್ಳಬೇಕಾಗಬಹುದು. ಅದು ಭುಜ, ಸೊಂಟ, ಮೀನಖಂಡದ ಕೆಲಸ. ತುಂಬಿದ ಸೈಕಲನ್ನು ಕಡಿದಾದ ದಾರಿಯಲ್ಲಿ ಅರ್ಧ ಗಂಟೆ ತಳ್ಳಿ ನೋಡಿ.

ಒಂದನ್ನು ಮಾತ್ರ ನಮ್ಮೂರಲ್ಲಿ ಕಲಿಯಲು ಆಗಲ್ಲ. ಎತ್ತರದ ತೆಳುಗಾಳಿ. ನಂದಿ ಬೆಟ್ಟದ ತುದಿ ಸುಮಾರು 1,478 ಮೀಟರ್. ಎಷ್ಟೇ ಗಟ್ಟಿ ಸವಾರ ಆದರೂ 4,000 ಮೀಟರ್‌ಗೆ ದೇಹ ಹೊಸದಾಗಿಯೇ ಹೊಂದಿಕೊಳ್ಳಬೇಕು. ಗಟ್ಟಿ ಇದ್ದವರೇ ಬೇಗ ಹತ್ತಿ ಬೇಗ ಮಲಗುತ್ತಾರೆ. ಬಾತಲ್‌ನ ಆ ರಾತ್ರಿ ನನಗೆ ಇದನ್ನು ಕಲಿಸಿತು.

ಹಂತ 6: ಎತ್ತರಕ್ಕೆ ಒಗ್ಗಿಕೊಳ್ಳುವುದು

ಇದನ್ನು ದಯವಿಟ್ಟು ನಿಧಾನವಾಗಿ ಓದಿ.

4,500 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 57ರಷ್ಟು ಮಾತ್ರ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. 3,000 ಮೀಟರ್ ದಾಟಿದ ಮೇಲೆ ವೈದ್ಯರು ಹೇಳುವ ನಿಯಮ ಇದು: ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಊರಲ್ಲಿ ಎರಡು ರಾತ್ರಿ ಕಳೆಯಿರಿ. ಹಗಲು ಎಷ್ಟು ಎತ್ತರ ಮುಟ್ಟಿದಿರಿ ಅನ್ನುವುದಕ್ಕಿಂತ, ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. ಕಾಜಾದಲ್ಲಿ ಎರಡು ಮೂರು ರಾತ್ರಿ ಇದ್ದು, ಹಗಲು ಹೊತ್ತು ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಕಡೆ ಖಾಲಿ ಸೈಕಲ್‌ನಲ್ಲಿ ಹತ್ತಿಳಿಯುವುದು ಇದಕ್ಕೇ ಹೇಳಿ ಮಾಡಿಸಿದ ಅಭ್ಯಾಸ. ಆ ಊರುಗಳೆಲ್ಲ 4,400 ಮೀಟರ್ ಆಸುಪಾಸು ಅಥವಾ ಇನ್ನೂ ಮೇಲಿವೆ. ಹಿಕ್ಕಿಂನ ಅಂಚೆ ಕಚೇರಿಯಿಂದ ಅಮ್ಮನಿಗೆ ಒಂದು ಕಾರ್ಡು ಹಾಕಿ, ವಾಪಸ್ ಕಾಜಾಗೆ ಬಂದು ಮಲಗಿ.

ಖಾಬ್‌ನಿಂದ ನಾಕೋಗೆ ಹತ್ತುವ ದಿನ ಈ ನಿಯಮ ಮುರಿಯುತ್ತದೆ, ಮಧ್ಯೆ ತಂಗಲು ಸುಲಭದ ಜಾಗ ಇಲ್ಲ. ಅದಕ್ಕೇ ಅಲ್ಲಿ ಎರಡು ರಾತ್ರಿ ಅಂದಿದ್ದು.

ಲಕ್ಷಣ ಗುರುತಿಸುವುದು ಹೀಗೆ. ತಲೆನೋವು, ಅದರ ಜೊತೆಗೆ ಹಸಿವಿಲ್ಲದಿರುವುದು, ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಇದ್ದರೆ ಅದು ಎತ್ತರದ ಕಾಯಿಲೆಯ ಶುರು ಅಂತಲೇ ತಿಳಿಯಿರಿ. ಬಿಸಿಲಿಗೆ ಬಂದಿದ್ದು, ಗ್ಯಾಸ್ ಇರಬೇಕು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅವತ್ತು ಮೇಲೆ ಹೋಗಬಾರದು. ಅಲ್ಲೇ ಇದ್ದು ನೀರು ಕುಡಿಯಿರಿ, ವಿಶ್ರಾಂತಿ ತೆಗೆದುಕೊಳ್ಳಿ. ಕಡಿಮೆ ಆಗದಿದ್ದರೆ ಇಳಿಯಿರಿ.

ಇನ್ನೆರಡು ಲಕ್ಷಣ ಜೀವಕ್ಕೇ ಅಪಾಯ. ಒಂದು, ಸುಮ್ನೆ ಕೂತಿದ್ದಾಗಲೂ ಏದುಸಿರು, ಬಿಡದ ಕೆಮ್ಮು. ಅದು ಶ್ವಾಸಕೋಶಕ್ಕೆ ನೀರು ತುಂಬುತ್ತಿರುವ ಗುರುತು. ಇನ್ನೊಂದು, ಮಾತು ತೊದಲುವುದು, ಕುಡಿದವರ ಹಾಗೆ ಹೆಜ್ಜೆ ತಪ್ಪುವುದು. ಅದು ಮಿದುಳು ಊದಿಕೊಳ್ಳುತ್ತಿರುವ ಗುರುತು. ಜೊತೆಗಾರನ ಮೇಲೆ ಅನುಮಾನ ಬಂದರೆ, ನೆಲದ ಮೇಲೆ ಒಂದು ಗೆರೆ ಎಳೆದು, ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಸಿ. ಓಲಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ. ಸೈಕಲ್ ಅಲ್ಲೇ ಬಿಟ್ಟು, ಸಿಕ್ಕ ಗಾಡಿಯಲ್ಲಿ ಕೆಳಗಿಳಿಸಿ. ಕಾಜಾದಲ್ಲೂ ರೆಕಾಂಗ್ ಪಿಯೋದಲ್ಲೂ ಸರ್ಕಾರಿ ಆಸ್ಪತ್ರೆ ಇದೆ.

ಡಯಾಮಾಕ್ಸ್ ಮಾತ್ರೆ ಹಲವರು ತೆಗೆದುಕೊಳ್ಳುತ್ತಾರೆ. ಅದು ಹೊಂದಿಕೊಳ್ಳುವುದನ್ನು ಚುರುಕು ಮಾಡುತ್ತದೆ. ಆದರೆ ಸಲ್ಫಾ ಔಷಧದ ಅಲರ್ಜಿ ಇರುವವರಿಗೆ ಆಗದೇ ಇರಬಹುದು. ಊರಲ್ಲೇ ನಿಮ್ಮ ವೈದ್ಯರನ್ನು ಕೇಳಿ, ಅವರು ಹೇಳಿದ ಪ್ರಮಾಣದಲ್ಲೇ ತೆಗೆದುಕೊಳ್ಳಿ. ಮಾತ್ರೆ ಇದೆ ಅಂತ ಬೇಗ ಹತ್ತಬೇಡಿ. ನಿದ್ದೆ ಮಾತ್ರೆ ಮತ್ತು ಮದ್ಯ, ಎರಡೂ ಬೇಡ.

ಹಂತ 7: ದಿನಚರಿ, ಊಟ, ನೀರು

ಬೆಳಿಗ್ಗೆ ಆರೂವರೆಗೆ ಸೈಕಲ್ ಮೇಲಿರಿ. ಮಧ್ಯಾಹ್ನದ ಮೇಲೆ ಸ್ಪಿತಿಯಲ್ಲಿ ಧೂಳೆಬ್ಬಿಸುವ ಗಾಳಿ ಬೀಸುತ್ತದೆ, ಸವಾರಿ ಮಾಡುವುದಕ್ಕೇ ಬಿಡುವುದಿಲ್ಲ. ಮಧ್ಯಾಹ್ನ ಎರಡು ಗಂಟೆಯೊಳಗೆ ಅವತ್ತಿನ ದಾರಿ ಮುಗಿಸಿಬಿಡಿ. ಆಮೇಲೆ ತಿನ್ನಿ, ಬಟ್ಟೆ ಒಣಗಿಸಿ, ಚೈನು ಒರೆಸಿ.

ಎತ್ತರದಲ್ಲಿ ಹಸಿವೇ ಸತ್ತುಹೋಗುತ್ತದೆ. ಅದಕ್ಕೇ ನಾಲಿಗೆಗೆ ಪರಿಚಯ ಇರುವ ತಿಂಡಿ ಸ್ವಲ್ಪ ಒಯ್ಯಬೇಕು. ಶೇಂಗಾ ಚಿಕ್ಕಿ, ಅಂಟಿನುಂಡೆ, ಹುರಿಗಡಲೆ, ಒಂದು ಪೊಟ್ಟಣ ಚಟ್ನಿಪುಡಿ. ಅರ್ಧ ಗಂಟೆಗೊಮ್ಮೆ ಒಂದು ತುತ್ತು, ಹಸಿವಾಗಲಿ ಬಿಡಲಿ. ನಾನು ರಾಗಿ ಹುರಿಹಿಟ್ಟು ಒಯ್ದಿದ್ದೆ. ಧನಕರ್‌ನ ಮನೆಯಲ್ಲಿ ಅಜ್ಜಿಯೊಬ್ಬರು ಬಟ್ಟಲಲ್ಲಿ ಜವೆಗೋಧಿಯ ಹುರಿದ ಹಿಟ್ಟು ಹಾಕಿ, ಮೇಲೆ ಬೆಣ್ಣೆ ಚಹಾ ಸುರಿದು, ಬೆರಳಲ್ಲೇ ತಿರುವಿ ಉಂಡೆ ಮಾಡಿ ಕೊಟ್ಟರು. ಅಲ್ಲಿ ಅದಕ್ಕೆ ತ್ಸಂಪಾ ಅನ್ನುತ್ತಾರೆ. ನಾನು ನನ್ನ ಡಬ್ಬಿ ತೆಗೆದು ಹುರಿಹಿಟ್ಟು ತೋರಿಸಿದೆ. ಅವರು ಮೂಸಿ ನೋಡಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ತಲೆದೂಗಿ ನಕ್ಕರು. ಭಾಷೆ ಬೇಕಾಗಲಿಲ್ಲ.

ದಿನವೂ ಸಿಗುವುದು ಪರಾಠಾ, ರಾಜ್ಮಾ ಅನ್ನ, ಥುಕ್ಪಾ (ನೂಡಲ್ಸ್ ಸಾರು), ಮೊಮೊ, ಮ್ಯಾಗಿ. 4,000 ಮೀಟರ್‌ನಲ್ಲಿ ನೀರು 87 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಕುಕ್ಕರ್ ಇಲ್ಲದ ಕಡೆ ಅನ್ನ, ಬೇಳೆ ಸರಿಯಾಗಿ ಬೇಯಲ್ಲ. ಅಂಥ ಕಡೆ ಥುಕ್ಪಾ ಕೇಳಿ.

ನೀರು ದಿನಕ್ಕೆ ಮೂರು ನಾಲ್ಕು ಲೀಟರ್, ಒಂದೆರಡು ಓಆರ್‌ಎಸ್. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಮೇಲೆ ಕುರಿ, ಯಾಕ್ ಮೇಯುತ್ತಿರುತ್ತವೆ. ಫಿಲ್ಟರ್ ಬಳಸಿ. ಎಳೆಗಳಿರುವ ಸಣ್ಣ ಫಿಲ್ಟರ್ ಒಳಗೆ ನೀರು ಹೆಪ್ಪುಗಟ್ಟಿದರೆ ಅದು ಒಳಗೇ ಒಡೆದು ಕೆಡುತ್ತದೆ, ಹೊರಗಿಂದ ಗೊತ್ತಾಗಲ್ಲ. ರಾತ್ರಿ ಅದನ್ನೂ ಪವರ್‌ಬ್ಯಾಂಕನ್ನೂ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಂಡು ಮಲಗಿ.

ನಗದು ಸಾಕಷ್ಟು ಇರಲಿ, ಕಾಜಾದ ಎಟಿಎಂ ನಂಬಬೇಡಿ. ಲೋಸರ್ ದಾಟಿದ ಮೇಲೆ ಫೋನ್ ಸಿಗ್ನಲ್ ಸಿಗುತ್ತದೆ ಅಂತ ಎಣಿಸಲೇಬೇಡಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ, ಮನೆಯವರಿಗೆ ಎಲ್ಲಿಂದ ಎಲ್ಲಿಗೆ ಎಷ್ಟು ದಿನ ಸುದ್ದಿ ಇರಲ್ಲ ಅಂತ ಹೇಳಿ. ಸ್ಯಾಟಲೈಟ್ ಫೋನು, ಸ್ಯಾಟಲೈಟ್ ಸಂದೇಶ ಕಳಿಸುವ ಸಾಧನ ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಬಳಸುವಂತಿಲ್ಲ. ವಿದೇಶದಿಂದ ಬರುವ ಕನ್ನಡಿಗ ಗೆಳೆಯರು ಇದನ್ನು ಗಮನಿಸಿ. ವಿದೇಶಿ ಪಾಸ್‌ಪೋರ್ಟ್ ಇದ್ದರೆ ರೆಕಾಂಗ್ ಪಿಯೋದಿಂದ ಮುಂದೆ ಹೋಗಲು ಪರ್ಮಿಟ್ ಕೂಡ ಬೇಕು.

ಹಂತ 8: ದಾರಿಯಲ್ಲಿ ರಿಪೇರಿ

ಕಾಜಾದಲ್ಲಿ ಮೋಟಾರ್‌ಬೈಕ್ ಮೆಕ್ಯಾನಿಕ್ ಸಿಗುತ್ತಾರೆ. ಸೈಕಲ್ ಬಿಡಿಭಾಗ ಸಿಗುತ್ತದೆ ಅಂತ ಹೋಗಬೇಡಿ. ಹಾಗಾಗಿ ಇವು ಚೀಲದಲ್ಲಿರಲಿ: ಅಲೆನ್ ಕೀ ಗೊಂಚಲು, ಚೈನ್ ಟೂಲ್, ಚೈನ್ ಜೋಡಿಸುವ ಎರಡು ಕ್ವಿಕ್ ಲಿಂಕ್, ಎರಡು ಟ್ಯೂಬು, ಪ್ಯಾಚು, ಟ್ಯೂಬ್‌ಲೆಸ್ ಪ್ಲಗ್, ಗೇರ್ ಕೇಬಲ್, ನಿಮ್ಮ ಸೈಕಲ್‌ಗೇ ಹೊಂದುವ ಡಿರೇಲರ್ ಹ್ಯಾಂಗರ್ (ಹಿಂದೆ ಗೇರು ಬದಲಿಸುವ ಭಾಗವನ್ನು ಹಿಡಿಯುವ ತುಂಡು), ಚಕ್ರದ ನಾಲ್ಕು ಕಡ್ಡಿ, ಐದಾರು ಬೋಲ್ಟು, ಜಿಪ್ ಟೈ, ಇನ್ಸುಲೇಷನ್ ಟೇಪು, ದಪ್ಪ ಸೂಜಿ, ಚಪ್ಪಲಿ ಹೊಲಿಯುವ ದಾರ.

ಆ ಸೂಜಿ ದಾರ ಯಾಕೆ ಅಂತ ಹೇಳುತ್ತೇನೆ. ಕಿಬ್ಬರ್‌ನಿಂದ ಮುಂದೆ ಚೂಪು ಕಲ್ಲೊಂದು ಹಿಂದಿನ ಟಯರ್‌ನ ಪಕ್ಕವನ್ನು ಎರಡು ಸೆಂಟಿಮೀಟರ್ ಸೀಳಿತು. ಬಿಳಿ ಸೀಲಂಟ್ ಚಿಮ್ಮಿ ಕಲ್ಲಿನ ಮೇಲೆಲ್ಲ ಮಜ್ಜಿಗೆ ಚೆಲ್ಲಿದ ಹಾಗಾಯಿತು. ಅಷ್ಟು ಉದ್ದದ ಸೀಳಿಗೆ ಪ್ಲಗ್ ನಿಲ್ಲಲ್ಲ. ಟಯರ್ ಬಿಚ್ಚಿ, ಒಳಗಡೆ ಒರೆಸಿ, ಸೀಳಿನ ಎರಡು ಅಂಚು ಸೇರಿಸಿ ಏಳು ಹೊಲಿಗೆ ಹಾಕಿದೆ. ಚಳಿಗೆ ಬೆರಳು ಮರಗಟ್ಟಿತ್ತು, ಒಂದೊಂದು ಹೊಲಿಗೆಗೂ ಬಾಯಿಂದ ಬೆರಳಿಗೆ ಬಿಸಿಯುಸಿರು ಊದಬೇಕು. ಒಳಗಿನಿಂದ ದಪ್ಪ ಪ್ಯಾಚ್, ಅದರ ಮೇಲೆ ಹಾಲಿನ ಪ್ಯಾಕೆಟ್‌ನ ಎರಡು ಮಡಿಕೆ, ಆಮೇಲೆ ಟ್ಯೂಬು. ಗಾಳಿ ಸ್ವಲ್ಪ ಕಡಿಮೆಯೇ ತುಂಬಿದೆ. ಒಂದು ಗಂಟೆ ಹಿಡಿಯಿತು. ಆ ಹೊಲಿಗೆ ಮನಾಲಿಯವರೆಗೆ ಬಂತು.

ದಿನವೂ ಸಂಜೆ ಐದು ನಿಮಿಷ ಸೈಕಲ್ ಸುತ್ತ ಕೈಯಾಡಿಸಿ. ಪ್ರತಿ ಬೋಲ್ಟ್ ಬಿಗಿ ಇದೆಯಾ, ಕಡ್ಡಿಗಳು ಒಂದೇ ಸಮ ಬಿಗಿ ಇವೆಯಾ, ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ನೋಡಿ. ಚೈನ್‌ಗೆ ಒಣ ದಾರಿಯ ಎಣ್ಣೆ ಒಂದೊಂದೇ ಹನಿ ಹಾಕಿ, ಹೊರಗಿನದೆಲ್ಲ ಒರೆಸಿ. ಎಣ್ಣೆ ಜಾಸ್ತಿಯಾದರೆ ಸ್ಪಿತಿಯ ಧೂಳು ಅದಕ್ಕೆ ಅಂಟಿ ಮರಳು ಕಾಗದದ ಹಾಗೆ ಚೈನನ್ನು ಸವೆಸುತ್ತದೆ.

ಹಂತ 9: ಕುಂಜುಮ್ ಮತ್ತು ಹಳ್ಳಗಳು

ಲೋಸರ್‌ನಿಂದ ಕುಂಜುಮ್‌ಗೆ 19 ಕಿ.ಮೀ. ಇಷ್ಟು ದಿನ ನಿಧಾನ ಬಂದಿದ್ದರೆ ಇದು ಕಷ್ಟ ಅಲ್ಲ. 20 ನಿಮಿಷ ತುಳಿದು ಎರಡು ನಿಮಿಷ ನಿಲ್ಲಿ. ಪಾಸ್ 4,550 ಮೀಟರ್ ಆಸುಪಾಸು. ಮೇಲೆ ಸ್ತೂಪಗಳು, ಕುಂಜುಮ್ ಮಾತೆಯ ಗುಡಿ. ಡ್ರೈವರುಗಳೆಲ್ಲ ಗುಡಿಗೆ ಬಲಕ್ಕೆ ಸುತ್ತು ಹಾಕಿಯೇ ಮುಂದೆ ಹೋಗುವುದು. ನಾನೂ ಸೈಕಲ್ ತಳ್ಳಿಕೊಂಡು ಸುತ್ತು ಬಂದೆ. ಹೆಚ್ಚು ಹೊತ್ತು ನಿಲ್ಲಬೇಡಿ, ಬೆವರು ಆರಿದ ಕೂಡಲೇ ಚಳಿ ಹಿಡಿಯುತ್ತದೆ. ಜಾಕೆಟ್, ಕೈಗವಸು ಹಾಕಿಕೊಂಡೇ ಇಳಿಯಿರಿ.

ಬಾತಲ್‌ನಿಂದ ಗ್ರಾಂಫೂವರೆಗಿನ ಸುಮಾರು 50 ಕಿ.ಮೀ. ಇಡೀ ಪ್ರವಾಸದ ಅತಿ ಒರಟು ದಾರಿ. ನದಿಯ ಉರುಟು ಕಲ್ಲುಗಳ ಮೇಲೆಯೇ ಬಹುಪಾಲು ಸವಾರಿ. ಇದನ್ನು ಎರಡು ದಿನ ಮಾಡಿ, ಛತ್ರುವಿನಲ್ಲಿ ತಂಗಿ. ಇಳಿಯುವಾಗ ಸೀಟು ಸ್ವಲ್ಪ ತಗ್ಗಿಸಿ, ಪೆಡಲ್ ಎರಡೂ ಸಮ ಇಟ್ಟು ಎದ್ದು ನಿಲ್ಲಿ. ಮೊಣಕೈ ಮಡಚಿರಲಿ, ಕಣ್ಣು ಚಕ್ರದ ಬುಡದಲ್ಲಿ ಬೇಡ, ನಾಲ್ಕೈದು ಮೀಟರ್ ಮುಂದೆ ಇರಲಿ.

ಹಳ್ಳ ದಾಟುವುದಕ್ಕೆ ಬೆಳಗಿನ ಹೊತ್ತೇ ಸರಿ. ರಾತ್ರಿ ಚಳಿಗೆ ಹಿಮ ಕರಗುವುದು ನಿಲ್ಲುತ್ತದೆ, ಬೆಳಿಗ್ಗೆ ನೀರು ಕಡಿಮೆ. ಮೊಣಕಾಲು ಮುಳುಗದ ಅದೇ ಹಳ್ಳ ಸಂಜೆ ನಾಲ್ಕಕ್ಕೆ ಗಾಡಿಯನ್ನೇ ತಡೆಯುವಷ್ಟು ಏರಬಹುದು. ಮೊದಲು ಸೈಕಲ್ ಬಿಟ್ಟು ದಡದಲ್ಲಿ ಮೇಲೆ ಕೆಳಗೆ ನಡೆದು ನೋಡಿ. ಹರಡಿಕೊಂಡು ಹರಿಯುವ ಕಡೆ ಆಳ ಕಡಿಮೆ, ಇಕ್ಕಟ್ಟಾದ ಕಡೆ ಸೆಳೆತ ಜಾಸ್ತಿ. ಷೂ ಬಿಚ್ಚಬೇಡಿ, ಸಾಕ್ಸ್ ಮಾತ್ರ ಬಿಚ್ಚಿ ಒಣಗಿರುವಂತೆ ಎತ್ತಿಡಿ. ನೀರು ಮೊಣಕಾಲಿಗೆ ಬರುತ್ತದೆ ಅನ್ನಿಸಿದರೆ ಚೀಲಗಳನ್ನು ಬಿಚ್ಚಿ ಮೊದಲು ದಾಟಿಸಿ, ಆಮೇಲೆ ಸೈಕಲ್. ಸೈಕಲ್ ನೀರು ಹರಿದುಹೋಗುವ ಕಡೆಯ ಪಕ್ಕದಲ್ಲಿರಲಿ. ನೀರು ಬರುವ ಕಡೆ ಇಟ್ಟರೆ ಅದು ನಿಮ್ಮ ಕಾಲಿಗೇ ಬಂದು ಒತ್ತುತ್ತದೆ. ಒಂದು ಹೆಜ್ಜೆ ಗಟ್ಟಿಯಾದ ಮೇಲೇ ಇನ್ನೊಂದು. ನೀರು ಸೈಕಲನ್ನು ಕೈಯಿಂದ ಎಳೆದುಕೊಂಡು ಹೋದರೆ ಬಿಟ್ಟುಬಿಡಿ, ಸೈಕಲ್ ಇನ್ನೊಂದು ಬರುತ್ತದೆ. ತೊಡೆಮಟ್ಟ ನೀರಿದ್ದರೆ ದಾಟಲೇಬೇಡಿ, ಕಾಯಿರಿ. ಟ್ರಕ್ಕಿನವರನ್ನು ಕೇಳಿದರೆ ಹತ್ತಿಸಿಕೊಳ್ಳುತ್ತಾರೆ.

ದಾಟಿದ ಕೂಡಲೇ ಕಾಲು ಒರೆಸಿ ಒಣ ಸಾಕ್ಸ್ ಹಾಕಿ. ಬ್ರೇಕ್ ಎರಡು ಮೂರು ಸಲ ಹಿಡಿದು ಬಿಟ್ಟು ಡಿಸ್ಕ್ ಒಣಗಿಸಿ.

ಚಂದ್ರತಾಲ್ ಕೆರೆಗೆ ಹೋಗುವವರು ಬಾತಲ್ ಕಡೆಯಿಂದ 14 ಕಿ.ಮೀ. ಒಳಗೆ ಹೋಗಬೇಕು. ಕೆರೆ ದಂಡೆಯಲ್ಲಿ ಟೆಂಟು ಹಾಕುವಂತಿಲ್ಲ, ಸ್ವಲ್ಪ ದೂರದಲ್ಲಿ ತಂಗುದಾಣಗಳಿವೆ. ಕುರಿಗಾರರ ನಾಯಿಗಳು ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿದು, ಸೈಕಲ್ ನಡುವೆ ಇಟ್ಟುಕೊಂಡು ನಿಧಾನ ನಡೆಯಿರಿ, ಕುರಿಗಾರ ಕೂಗಿ ಕರೆಯುತ್ತಾನೆ.

ಗ್ರಾಂಫೂ ತಲುಪಿದ ಕೂಡಲೇ ಮುಗಿಯಿತು ಅನ್ನಿಸುತ್ತದೆ. ಆದರೆ ಅಲ್ಲಿಂದ 3,978 ಮೀಟರ್‌ನ ರೋಹ್ತಾಂಗ್‌ಗೆ ಮತ್ತೆ ಏಳೆಂಟು ನೂರು ಮೀಟರ್ ಏರು ಉಳಿದಿರುತ್ತದೆ. ಅದಕ್ಕೊಂದು ಚಿಕ್ಕಿ ಉಳಿಸಿಕೊಳ್ಳಿ. ತುದಿಯಲ್ಲಿ ನಿಂತು ಬ್ರೇಕ್ ಪ್ಯಾಡ್ ತೆಗೆದು ನೋಡಿ. ನನ್ನದು ಕಾಗದದಷ್ಟು ತೆಳ್ಳಗಾಗಿತ್ತು, ಅಲ್ಲೇ ಕೂತು ಹೊಸದು ಹಾಕಿದೆ. ಅಲ್ಲಿಂದ ಮನಾಲಿಗೆ 50 ಕಿ.ಮೀ. ಇಳಿಜಾರು. ಬ್ರೇಕನ್ನು ಒಂದೇ ಸಮ ಹಿಡಿದು ಇಳಿಯಬೇಡಿ, ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ. ಮಢಿ ದಾಟಿದ ಮೇಲೆ ದೇವದಾರು ಮರಗಳು ಶುರುವಾಗುತ್ತವೆ. ಹತ್ತು ದಿನದಿಂದ ಬರೀ ಕಲ್ಲು, ಮಣ್ಣು ನೋಡಿದ ಕಣ್ಣಿಗೆ ಆ ಹಸಿರು, ಮೂಗಿಗೆ ಒದ್ದೆ ಮಣ್ಣಿನ ವಾಸನೆ. ನಾನು ಅಲ್ಲೊಂದು ತಿರುವಿನಲ್ಲಿ ಸೈಕಲ್ ನಿಲ್ಲಿಸಿ, ಮರಕ್ಕೆ ಒರಗಿ ಸುಮಾರು ಹೊತ್ತು ಕೂತಿದ್ದೆ.